ಆ ಹಾಳೆಯ ಕೆಳಗಿನ ಹೆಸರು

ಮೊನ್ನೆ ಪರೀಕ್ಷಾ ಮೇಲ್ವಿಚಾರಣೆಯ ಕೆಲಸಕ್ಕೆಂದು ಪಾವಗಡಕ್ಕೆ ಹೋಗುತ್ತಿದ್ದೆ. ಬಸ್ಸು ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕುರಿಮಂದೆ ಮಲಗಿ ಎದ್ದುಹೋದ ಹೊಲದ ಮೇಲೆ ನಾಲ್ಕು ಹನಿ ಮಳೆ ಬಿದ್ದಾಗ ಏಳುವ ವಾಸನೆ ಅದು. ಹಿಕ್ಕೆ, ಗಂಜಲ, ಒದ್ದೆ ಉಣ್ಣೆ, ಕಾದ ಮಣ್ಣು ಎಲ್ಲ ಸೇರಿದ್ದು. ಪಕ್ಕದ ಸೀಟಿನ ಹುಡುಗಿ ಮೂಗು ಮುಚ್ಚಿಕೊಂಡು ಕಿಟಕಿ ಎಳೆಯಲು ಕೈ ಹಾಕಿದಳು. 'ಇರಲಿ ಬಿಡಮ್ಮ' ಎಂದೆ. ಆ ವಾಸನೆ ಬಂದಾಗಲೆಲ್ಲ ನಾನು ಕೈಚೀಲದ ಒಳಜೇಬನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಅದರಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಇದೆ.

ಇದನ್ನು ಬರೆಯುವ ಮುಂಚೆ ಕೇಳಬೇಕಾದವರನ್ನು ಕೇಳಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಊರು ಯಾವುದೆಂದು ಮಾತ್ರ ಹೇಳುವುದಿಲ್ಲ. ಊರಿನ ಗುರುತು ಬರೆದದ್ದರಿಂದಲೇ ಅಷ್ಟೆಲ್ಲ ಆದದ್ದು.

ಆ ವರ್ಷ ನಾನು ಪಾವಗಡದ ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎನ್ನುವುದು ಹೆಸರಿಗೆ. ವರ್ಷ ಮುಗಿಯುತ್ತಲೇ ಹೊರಡಿ ಅನ್ನುವುದನ್ನು ಮಾತ್ರ ಅತಿಥಿಗಳಿಗೆ ಹೇಳಿದಷ್ಟೇ ನಯವಾಗಿ ಹೇಳುತ್ತಾರೆ. ಹುಟ್ಟಿದ ಊರು ಕೊರಟಗೆರೆ, ಬಾಡಿಗೆ ರೂಮು ಮಧುಗಿರಿಯಲ್ಲಿ, ಕೆಲಸ ಪಾವಗಡದಲ್ಲಿ. ಖಾಯಂ ಹುದ್ದೆಯ ಪರೀಕ್ಷೆಗೆ ಓದಬೇಕಾದ ಪುಸ್ತಕಗಳು ಸದಾ ತೊಡೆಯ ಮೇಲೆ. ಎಲ್ಲಿದ್ದರೂ ಇನ್ನೆಲ್ಲಿಗೋ ಹೋಗಬೇಕಿತ್ತು ಅನ್ನಿಸುವ ವರ್ಷ ಅದು. ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ನಾನು ಇಳಿದುಬಿಡುತ್ತಿದ್ದೆ. ಕಂಡಕ್ಟರು ದಿನಾ ಬೈಯುತ್ತಿದ್ದ. 'ಮೇಡಂನೋರೆ, ನಿಮ್ ಕಾಲು ಮುರುದ್ರೆ ನನ್ ಕೆಲ್ಸ ಹೋಗ್ತದೆ ಕಣ್ರೀ.'

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿ ನಿಮಗೆ ಗೊತ್ತಿರಬಹುದು. ಒಂದೇ ಜಿಲ್ಲೆಯ ಎರಡು ತಾಲ್ಲೂಕು, ಆದರೆ ನಡುವೆ ಆಂಧ್ರ ದಾಟಬೇಕು. ಅಂಗಡಿ ಬೋರ್ಡುಗಳು ಕನ್ನಡದಿಂದ ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತವೆ. ಬಸ್ಸಿನೊಳಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಡಲೆಕಾಯಿ ಬಿಡಿಸುತ್ತಿದ್ದವರು ಬಿಡಿಸುತ್ತಲೇ ಇರುತ್ತಾರೆ. ಹೀಗೆ ದಿನಕ್ಕೆ ನಾಲ್ಕು ಸಲ ಗಡಿ ದಾಟುತ್ತಿದ್ದ ನನಗೆ, ಎರಡನೇ ವರ್ಷದ ಹುಡುಗರಿಗೆ ಗಡಿ ಜಗಳದ ಇಂಗ್ಲಿಷ್ ಕಲಿಸುವ ಪಾಠ ಬಂತು.

ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಪಠ್ಯದಲ್ಲಿ ಪದಗಳ ಪಟ್ಟಿ ಇತ್ತು: ದೇಶ ದೇಶಗಳ ನಡುವಿನ ನೆಲದ ತಕರಾರನ್ನು ಇಂಗ್ಲಿಷಿನಲ್ಲಿ ಚರ್ಚಿಸುವುದು ಹೇಗೆ ಅಂತ. ಕ್ಲೇಮ್, ಟೆರಿಟರಿ, ಬಫರ್ ಝೋನ್, ಇದ್ದದ್ದನ್ನು ಇದ್ದಂತೆಯೇ ಬಿಡುವ ಸ್ಟೇಟಸ್ ಕೋ, ಅನೆಕ್ಸ್. ಕೆಲವು ಪದಗಳನ್ನು ನಾನೇ ಬಸ್ಸಿನಲ್ಲಿ ಡಿಕ್ಷನರಿ ತೆಗೆದು ನೋಡಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಹುಡುಗರು ಈ ಪದಗಳನ್ನು ಬಾಯಲ್ಲಿ ಹೊರಳಿಸಿ ನಗುತ್ತಿದ್ದರು. ಬೆಂಚಿನ ಜಾಗಕ್ಕೆ ಜಗಳ ಬಂದರೆ 'ಲೇ, ಇದು ನನ್ ಟೆರಿಟರಿ ಕಣ್ಲಾ' ಅನ್ನುವುದು ಶುರುವಾಯಿತು. ಅನೆಕ್ಸ್ ಅಂದರೆ ಏನು ಅಂತ ಒಬ್ಬ ಕೇಳಿದಾಗ ನಾನು ಅವನ ಪೆನ್ನು ಕಿತ್ತುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. 'ಇದು. ಇನ್ನೊಬ್ಬರದ್ದನ್ನು ತಗೊಂಡು ನನ್ನದು ಅಂತ ಜಗತ್ತಿಗೆ ಸಾರುವುದು' ಎಂದೆ. ಕ್ಲಾಸು ಚಪ್ಪಾಳೆ ಹೊಡೆಯಿತು. ಸಮಯ ಸಾಲದೆ ಪಟ್ಟಿಯ ಕೊನೆಯ ನಾಲ್ಕು ಪದಗಳನ್ನು ನೀವೇ ಓದಿಕೊಳ್ಳಿ ಎಂದು ಬಿಟ್ಟೆ.

ಪುಸ್ತಕದಲ್ಲಿದ್ದ ದೇಶಗಳ ಹೆಸರು ಅವರಿಗೂ ಬೇಡ, ನನಗೂ ಬೇಡ. ನಿಮ್ಮ ಊರಲ್ಲಿ ನೆಲದ ತಕರಾರು ಇಲ್ಲವೇ, ಅದನ್ನೇ ಈ ಪದಗಳಲ್ಲಿ ಬರೆದು ತನ್ನಿ ಎಂದೆ. ಆ ಬುದ್ಧಿ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರನೇ ವಾರ ಬಂದ ಮೂವತ್ತು ಹಾಳೆಗಳಲ್ಲಿ ಇಪ್ಪತ್ತೊಂಬತ್ತು ಒಂದನ್ನೊಂದು ನೋಡಿ ಬರೆದವು. ಒಂದು ಮಾತ್ರ ಕರಿಯಮ್ಮನದು. ಕೊನೆಯ ಬೆಂಚಿನ ಹುಡುಗಿ, ಕುರಿ ಕಾಯುವವರ ಹಟ್ಟಿಯಿಂದ ಬರುತ್ತಿದ್ದಳು. ಅಲ್ಲಿಯವರೆಗೆ ಅವಳ ಬಾಯಿಂದ ನಾನು ಕೇಳಿದ್ದು 'ಎಸ್ ಮೇಡಂ' ಒಂದೇ. ಅವಳು ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ನಮ್ಮ ಪಕ್ಕದ ಊರಿನಲ್ಲಿ ಅಣ್ಣತಮ್ಮಂದಿರ ಎರಡು ಹೊಲಗಳಿವೆ. ನಡುವೆ ಹುಣಸೆಮರದಿಂದ ಒಡೆದ ಪೈಪಿನವರೆಗೆ ಒಂದು ಪಟ್ಟಿ ನೆಲವಿದೆ. ಇಬ್ಬರೂ ತನ್ನದು ಅನ್ನುತ್ತಾರೆ, ಇಬ್ಬರೂ ಉಳುವುದಿಲ್ಲ. ಅದು ಬಫರ್ ಝೋನ್. ಈ ವರ್ಷ ತಮ್ಮ ನನ್ನ ಅಪ್ಪನಿಗೆ, ಆ ಪಟ್ಟಿಯ ಮೇಲೆ ಮಂದೆ ಹಾಕು ಎಂದ. ನಮ್ಮ ಕುರಿಗಳು ಎರಡು ರಾತ್ರಿ ಆ ಟೆರಿಟರಿಯನ್ನು ಆಕ್ರಮಿಸಿದವು. ಅಣ್ಣನಿಗೆ ಗೊತ್ತಿಲ್ಲ. ಅಪ್ಪ ಯಾರಿಗೂ ಹೇಳಲಿಲ್ಲ. ಕುರಿಗಳಿಗೆ ಸ್ಟೇಟಸ್ ಕೋ ಗೊತ್ತಿಲ್ಲ, ಅವಕ್ಕೆ ನಿದ್ದೆ ಬಂದಿತ್ತು.'

ಕೊನೆಯ ಸಾಲು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಎಷ್ಟೋ ವರ್ಷದಿಂದ ನಾನು ಬರೆಯಬೇಕೆಂದುಕೊಂಡ ಇಂಗ್ಲಿಷ್ ಅದು. ಹೊಟ್ಟೆಕಿಚ್ಚೂ ಆಯಿತು, ಹೇಳಿಬಿಡುತ್ತೇನೆ. ಅದೇ ಸಂಜೆ, ಅವಳನ್ನು ಒಂದು ಮಾತೂ ಕೇಳದೆ, ಹಾಳೆಯನ್ನು ಕಾರಿಡಾರಿನ ಭಿತ್ತಿಪತ್ರಿಕೆಗೆ ಅಂಟಿಸಿದೆ.

ಮಂದೆ ಹಾಕುವುದು ಅಂದರೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿಗಳನ್ನು ರಾತ್ರಿ ತರುಬಿ ಮಲಗಿಸುವುದು. ಹಿಕ್ಕೆ ಗಂಜಲವೇ ಹೊಲಕ್ಕೆ ಗೊಬ್ಬರ. ಹೊಲದವರು ಪ್ರತಿಯಾಗಿ ರಾಗಿ ಕೊಡುತ್ತಾರೆ, ಬೇಸಿಗೆಯಲ್ಲಿ ಮೇಯಲು ಕೊಯ್ದು ಉಳಿದ ಕೂಳೆ ಬಿಡುತ್ತಾರೆ, ಕೆರೆಗೆ ದಾರಿ ಬಿಡುತ್ತಾರೆ. ಇಷ್ಟು ನನಗೂ ಗೊತ್ತಿತ್ತು. ಯಾರು ಮಂದೆ ಹಾಕಿಸಿದರೋ ಅವರೇ ಆ ಹೊಲ ಮಾಡುವವರು ಎಂದು ಊರು ಒಪ್ಪಿಬಿಡುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಆ ಅಣ್ಣನ ಹೆಸರು ಮಾರುತೆಪ್ಪ, ತಮ್ಮನ ಹೆಸರು ಓಬಳೇಶಪ್ಪ ಅಂತಿರಲಿ. ಮಾರುತೆಪ್ಪನ ಮಗ ಅನಿಲ ನಮ್ಮದೇ ಕಾಲೇಜು. ಮಾರನೇ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಹಾಳೆ ಓದಿದ, ಹುಣಸೆಮರವನ್ನೂ ಪೈಪನ್ನೂ ಗುರುತು ಹಿಡಿದ, ಫೋನಿನಲ್ಲಿ ಫೋಟೋ ತೆಗೆದ. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ವಾಟ್ಸಾಪ್ ಗುಂಪಿನಲ್ಲಿತ್ತು, ಯಾರೋ ಕನ್ನಡ ಮಾಡಿ ಹಾಕಿದ್ದರು.

ಮರುದಿನದಿಂದ ಕರಿಯಮ್ಮ ಕಾಲೇಜಿಗೆ ಬರಲಿಲ್ಲ. ಮೂರು ದಿನ ಕಾದೆ. ನಾಲ್ಕನೇ ದಿನ ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಅಣ್ಣ ತನ್ನ ಹೊಲಕ್ಕೆ ಆ ಹಟ್ಟಿಯ ಒಂದು ಕುರಿಯೂ ಕಾಲಿಡಬಾರದು ಎಂದಿದ್ದಾನೆ. ಕೆರೆಯ ದಾರಿ ಇರುವುದೂ ಅವನ ಹೊಲದಲ್ಲೇ. ತಮ್ಮನಿಗೆ ಬೇರೆ ಖುಷಿ: ಬರವಣಿಗೆಯಲ್ಲೇ ಸಾಕ್ಷಿ ಸಿಕ್ಕಿತು, ನನ್ನ ಮಾತಿಗೇ ಮಂದೆ ಹಾಕಿದ್ದು ಅಂತ ಬಂದು ನಾಲ್ಕು ಜನರ ಮುಂದೆ ಹೇಳು ಎಂದು ಕರಿಯಮ್ಮನ ಅಪ್ಪನ ಕೈ ಹಿಡಿದು ಎಳೆಯುತ್ತಿದ್ದಾನೆ. 'ಅವ್ರು ಕುರಿ ಹೊಡ್ಕಂಡು ಸಿರಾ ಕಡೆ ಹುಲಿಕುಂಟೆಗೆ, ನೆಂಟ್ರ ತಾವ್ಕೆ ಹೊಂಟವ್ರೆ ಮೇಡಂ. ಕರಿಯಮ್ಮನ್ನೂ ಕರ್ಕಂಡು ಹೋಗ್ತಾರಂತೆ. ಪರೀಕ್ಷೆ ಬ್ಯಾಡ ಅಂದವ್ರೆ.'

ಪರೀಕ್ಷೆಗೆ ಇನ್ನು ಇಪ್ಪತ್ತು ದಿನವಿತ್ತು. ಆ ಮಧ್ಯಾಹ್ನದ ಕ್ಲಾಸು ಬಿಟ್ಟು ಸಿಕ್ಕಿದ ಆಟೋ ಹತ್ತಿದೆ.

ಹಟ್ಟಿಯಲ್ಲಿ ಕರಿಯಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅವಳ ಅಪ್ಪ ಚಿಕ್ಕೀರಣ್ಣ ಕಂಬಳಿ ಹಾಸಿ ಕೂರಿಸಿದ, ಮಜ್ಜಿಗೆ ತರಿಸಿಕೊಟ್ಟ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನೇ ಉಸಿರು ಬಿಡದೆ ತಪ್ಪಾಯಿತು, ಗೊತ್ತಾಗಲಿಲ್ಲ, ಹುಡುಗಿಯ ಓದು ಬಿಡಿಸಬೇಡಿ ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡಿದ.

'ನೋಡಮ್ಮಯ್ಯ, ನಾವು ಹೊಲದ ಬದು ನೋಡಾಕಿಲ್ಲ. ಕರ್ದೋರ ಹೊಲ್ದಾಗೆ ಮಂದೆ ಹಾಕ್ತೀವಿ, ಹೊತ್ತಾರೆ ಎದ್ದು ಹೋಗ್ತೀವಿ. ಇದು ಯಾರ್ದು ಅಂತ ನಮ್ ಬಾಯಾಗೆ ಬರಬಾರ್ದು. ನಮ್ಮಪ್ಪನೂ ಹೇಳ್ತಿರ್ಲಿಲ್ಲ, ಅವ್ರಪ್ಪನೂ ಹೇಳ್ತಿರ್ಲಿಲ್ಲ. ಅದುಕ್ಕೇ ಎಲ್ಲಾ ಊರ್ನಾಗೂ ನಮಗೆ ದಾರಿ ಬುಟ್ಟವ್ರೆ. ನಮಗೆ ಒಂದು ಗುಂಟೆ ನೆಲ ಇಲ್ಲ, ಈ ಬಾಯಿ ಮುಚ್ಕಂಡಿರಾದೇ ನಮ್ ಆಸ್ತಿ.'

ಅವನು ಮಗಳ ಕಡೆ ನೋಡಿ ಸಣ್ಣಗೆ ನಕ್ಕ. 'ಇಷ್ಟೊಂದು ಪದ ಕಲಿಸಿದ್ದೀರಂತೆ. ಇಬ್ರಿಗೂ ಬೇಕಾದೋನಾಗಿ, ಯಾರ್ ಕಡೀಕೂ ಹೋಗ್ದಂಗೆ ಇರಾದುಕ್ಕೆ ನಿಮ್ ಇಂಗ್ಲಿಷ್‌ನಾಗೆ ಪದ ಇಲ್ವಾ?'

'ಐತೆ ಕಣಪ್ಪ' ಎಂದಳು ಕರಿಯಮ್ಮ, ನನ್ನನ್ನು ನೋಡದೆ. 'ನ್ಯೂಟ್ರಲ್.'

ನಾನು ಬಿಟ್ಟ ನಾಲ್ಕು ಪದಗಳಲ್ಲಿ ಅದೂ ಒಂದು. ಅವಳು ಓದಿಕೊಂಡಿದ್ದಳು.

'ಅದುನ್ನ ಮೊದ್ಲು ಹೇಳ್ಕೊಡಬೇಕಿತ್ತು' ಎಂದ ಚಿಕ್ಕೀರಣ್ಣ. ಸಿಟ್ಟಿಲ್ಲದೆ ಹೇಳಿದ.

ವಾಪಸು ಬರುವಾಗ ಇಡೀ ದಾರಿ ನನ್ನ ಕಾಲು ಅಲ್ಲಾಡುತ್ತಲೇ ಇತ್ತು. ಆತುರ ನನ್ನ ಹುಟ್ಟುಗುಣ. ತಪ್ಪು ಮಾಡುವಾಗ ಇದ್ದ ಆತುರವೇ ಸರಿಮಾಡುವಾಗಲೂ ಬರುತ್ತದೆ. ಆ ರಾತ್ರಿ ರೂಮಿನಲ್ಲಿ ಓದಲಿಲ್ಲ, ಉಣ್ಣಲಿಲ್ಲ. ಬೆಳಗಾಗುವಷ್ಟರಲ್ಲಿ ಉಪಾಯ ಸಿಕ್ಕಿತ್ತು. ಅದನ್ನೂ ಕರಿಯಮ್ಮನಿಗೆ ಹೇಳಬೇಕು, ಅವಳ ಮಾತು ಕೇಳಬೇಕು ಎಂದು ಹೊಳೆಯಲಿಲ್ಲ. ಹೊಳೆಯದೆ ಇದ್ದದ್ದೇ ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆ ಹಗಲು ಕಾಲೇಜಿಗೆ ಹೋಗಿ ಹಾಳೆ ಕಿತ್ತುಕೊಂಡೆ. ಮಾರನೇ ದಿನ ಬೆಳಗಿನ ಹಾಲು ಹಾಕುವ ಹೊತ್ತಿಗೆ ಆ ಊರಿನ ಹಾಲಿನ ಡೈರಿಯ ಮುಂದಿದ್ದೆ. ಅಣ್ಣತಮ್ಮಂದಿರಿಬ್ಬರೂ ಒಂದೇ ಸಾಲಿನಲ್ಲಿ, ನಡುವೆ ಇಬ್ಬರನ್ನು ಬಿಟ್ಟು, ಕ್ಯಾನು ಹಿಡಿದು ನಿಂತಿದ್ದರು. ಚಿಕ್ಕೀರಣ್ಣನಿಗೂ ಹೇಳಿಕಳಿಸಿದ್ದೆ. ಅವನ ಹಿಂದೆ ಕರಿಯಮ್ಮನೂ ಬಂದಿದ್ದಳು. ಗೋಡೆಯಿಂದ ಕಿತ್ತು ತಂದಿದ್ದ ಹಾಳೆಯನ್ನು ಎತ್ತಿ ಹಿಡಿದು ಒಂದೇ ಉಸಿರಿಗೆ ಹೇಳಿದೆ: ಇದು ಈ ಹುಡುಗಿ ಬರೆದದ್ದಲ್ಲ. ಪಾಠಕ್ಕೆ ಒಂದು ಉದಾಹರಣೆ ಬೇಕಿತ್ತು, ನಾನೇ ಕಟ್ಟಿ ಬರೆದೆ. ಮಂದೆ ಹಾಕಿದ್ದು, ಎರಡು ರಾತ್ರಿ, ಎಲ್ಲ ನನ್ನ ಕಲ್ಪನೆ.

ಮಾರುತೆಪ್ಪ ಕ್ಯಾನು ಕೆಳಗಿಟ್ಟ. 'ಚೂಡಮ್ಮಾ, ಹುಣಸೆಮರ, ಒಡೆದ ಪೈಪು, ಇವೆಲ್ಲಾ ನಿಮಗೆ ಹೆಂಗೆ ಗೊತ್ತಾಯ್ತು?'

'ಬಸ್ಸಿನಲ್ಲಿ ನಿಮ್ಮೂರವರು ಮಾತಾಡಿಕೊಳ್ಳುತ್ತಿದ್ದರು.'

'ಅಕ್ಷರ ಅವಳ್ದೇ ಐತಲ್ಲ ಮೇಡಂ' ಎಂದ ಅನಿಲ.

'ನಾನು ಹೇಳಿ ಬರೆಸಿದ್ದು. ಅವಳ ಅಕ್ಷರ ದುಂಡಗಿದೆ ಅಂತ.'

ಒಂದು ಸುಳ್ಳು ಹೇಳಿದ ಮೇಲೆ ಮಿಕ್ಕವು ತಾವಾಗಿಯೇ ಬಂದವು. ಇನ್ನೂ ಪ್ರಶ್ನೆ ಬರುತ್ತದೆ, ಜಗಳವಾಗುತ್ತದೆ, ಆಣೆ ಮಾಡಿಸುತ್ತಾರೆ ಅಂದುಕೊಂಡು ಗಟ್ಟಿಯಾಗಿ ನಿಂತಿದ್ದೆ. ಅದ್ಯಾವುದೂ ಆಗಲಿಲ್ಲ. ಮಾರುತೆಪ್ಪನ ಮುಖ ಸಡಿಲವಾಯಿತು.

'ಅದೇ ನಾನೂ ಅನ್ಕಂಡೆ' ಎಂದು ಸುತ್ತ ನೋಡಿ ನಕ್ಕ. 'ಕುರಿ ಕಾಯೋರ ಹುಡ್ಗಿ ಇಂಗ್ಲಿಷ್‌ನಾಗೆ ಇಷ್ಟು ಬರೀತಾಳಾ ಅಂತ! ಅಲ್ವೇನ್ಲಾ?'

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅನಿಲ ನಕ್ಕ. ಓಬಳೇಶಪ್ಪ ಕೂಡ, ಕೈಗೆ ಬಂದ ಸಾಕ್ಷಿ ಜಾರಿಹೋದ ಪೆಚ್ಚಿನಲ್ಲೇ, ಅಣ್ಣನ ಜೊತೆ ನಕ್ಕ. ಮಂದೆ ಹಾಕಿಸಿದ್ದು ತಾನೇ ಎಂದು ಅವನಿಗಂತೂ ಗೊತ್ತಿತ್ತು, ಸಾಕ್ಷಿಯಿಲ್ಲದೆ ಹೇಳಿದರೆ ನಡೆಯುವುದಿಲ್ಲ ಎಂದೂ ಗೊತ್ತಿತ್ತು. ಆದರೂ ಅವಳೇ ಬರೆದಿರಬಹುದು ಅನ್ನುವ ಒಂದು ಅನುಮಾನ ಅಲ್ಲಿದ್ದ ಯಾರಿಗೂ ಬರಲಿಲ್ಲ. ನನ್ನ ಸುಳ್ಳನ್ನು ನಂಬುವುದು ಅವರಿಗೆ ಅಷ್ಟು ಸುಲಭವಾಗಿತ್ತು.

'ಬರ್ದು ಕೊಡಿ ಮತ್ತೆ' ಎಂದ ಮಾರುತೆಪ್ಪ. ಡೈರಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಕರಿಯಮ್ಮನ ದುಂಡು ಅಕ್ಷರಗಳ ಕೆಳಗೆ 'ಇದನ್ನು ಬರೆದವಳು ನಾನು' ಎಂದು ಬರೆದು ನನ್ನ ಸಹಿ ಹಾಕಿದೆ. ಅನಿಲ ಅದರ ಫೋಟೋ ತೆಗೆದುಕೊಂಡ. ಮಾರುತೆಪ್ಪ ಚಿಕ್ಕೀರಣ್ಣನ ಭುಜ ತಟ್ಟಿ, 'ನಾಳೀಕೆ ನನ್ ಕೂಳೇಗೆ ಬುಡು ಹೋಗು' ಎಂದ. ಚಿಕ್ಕೀರಣ್ಣ ನನಗೆ ಕೈ ಮುಗಿದ. ಆ ಕೈ ಮುಗಿದದ್ದನ್ನು ನೋಡಿ ಎಂಥ ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ, ಒಂದು ಐದು ನಿಮಿಷ.

ಕರಿಯಮ್ಮ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ರಸ್ತೆಯ ಬದಿಯಲ್ಲಿ ಜಾಲಿಮರದ ನೆರಳಿಗೆ ನಿಂತೆವು. 'ಸೋಮವಾರ ಬಂದುಬಿಡು, ಹಾಲ್ ಟಿಕೆಟ್ ಕೊಡ್ತಾರೆ' ಎಂದೆ. ತಲೆಯಾಡಿಸಿದಳು. ಬಸ್ಸು ದೂರದಲ್ಲಿ ಕಂಡಿತು. ಆಗ ಅವಳು ನನ್ನ ಕಡೆ ತಿರುಗಿ, ಒಂದೊಂದೇ ಪದವನ್ನು ಬಿಡಿಸಿ, ನಾನು ಕಲಿಸಿದ ಇಂಗ್ಲಿಷಿನಲ್ಲೇ ಹೇಳಿದಳು:

'ಮೇಡಂ, ಯು ಹ್ಯಾವ್ ಅನೆಕ್ಸ್ಡ್ ಮೈ ಪೇಪರ್.'

'ಎಸ್ ಮೇಡಂ' ಬಿಟ್ಟರೆ ಅವಳು ನನ್ನೊಡನೆ ಇಂಗ್ಲಿಷಿನಲ್ಲಿ ಆಡಿದ ಮೊದಲನೇ ಮಾತು ಅದು. ಆ ಕಾಲೇಜಿನಲ್ಲಿ ನಾನಿದ್ದಷ್ಟು ದಿನಕ್ಕೆ ಕೊನೆಯದೂ ಹೌದು. ಬಸ್ಸು ಬಂದು ನಿಂತಿತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಆಗಲೇ ಬೆನ್ನು ಹಾಕಿ ನಡೆಯುತ್ತಿದ್ದಳು. ಹಾಳೆ ನನ್ನ ಕೈಯಲ್ಲೇ ಇತ್ತು, ಅವಳಿಗೆ ಕೊಡಬೇಕಿತ್ತು ಅನ್ನುವುದು ಆಂಧ್ರದ ಬೋರ್ಡುಗಳು ಶುರುವಾದ ಮೇಲೆ ನೆನಪಾಯಿತು.

ಅವಳು ಬಂದಳು, ಪರೀಕ್ಷೆ ಬರೆದಳು, ಪಾಸಾದಳು. ಪರೀಕ್ಷೆಗೆ ಮುಂಚೆ ಕೊಟ್ಟ ಇನ್ನೊಂದು ಬರವಣಿಗೆಗೆ ಪುಸ್ತಕದಲ್ಲಿದ್ದ ಎರಡು ದೂರದ ದೇಶಗಳ ಉದಾಹರಣೆಯನ್ನು ಕಾಮಾ ತಪ್ಪದಂತೆ ಇಳಿಸಿ ಕೊಟ್ಟಿದ್ದಳು. ಹತ್ತಕ್ಕೆ ಎಂಟು ಹಾಕಿದೆ. ಕೆಂಪು ಪೆನ್ನಿನಲ್ಲಿ ಏನಾದರೂ ಬರೆಯಬೇಕೆಂದು ಬಹಳ ಹೊತ್ತು ಕೂತೆ. ಬರೆಯಲಿಲ್ಲ. ಯುಗಾದಿಯ ಹೊತ್ತಿಗೆ ನನ್ನ ಅತಿಥಿತನ ಮುಗಿಯಿತು. ಆಮೇಲೆ ಸಿರಾ, ಮತ್ತೆ ಕೊರಟಗೆರೆ, ಕೊನೆಗೂ ಒಂದು ಖಾಯಂ ಕೆಲಸ. ಚೀಲಗಳು ಬದಲಾದವು, ಹಾಳೆ ಒಂದು ಚೀಲದಿಂದ ಇನ್ನೊಂದಕ್ಕೆ ಬರುತ್ತಲೇ ಇತ್ತು. ಅಂಚೆಗೆ ಹಾಕೋಣವೆಂದು ಎರಡು ಸಲ ಲಕೋಟೆ ತಂದೆ. ಹಟ್ಟಿಯಲ್ಲಿ ಬೇರೆ ಯಾರಾದರೂ ಒಡೆದು ಓದಿದರೆ ಎಂದು ಹೆದರಿ ಸುಮ್ಮನಾದೆ. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು.

ಮೊನ್ನೆ ಪರೀಕ್ಷೆ ಕೆಲಸ ಮುಗಿಸಿ ಪಾವಗಡದ ಬಸ್ ನಿಲ್ದಾಣಕ್ಕೆ ಬಂದಾಗ ನಾಲ್ಕೂವರೆ. 'ಮೇಡಂ' ಅಂದಿತು ಒಂದು ದನಿ. ಹತ್ತಿ ಸೀರೆ, ಕೊರಳಲ್ಲಿ ಶಾಲೆಯ ಗುರುತಿನ ಚೀಟಿ. ಅದರ ಮೇಲಿದ್ದ ಹೆಸರು ಓದುವ ಮುಂಚೆಯೇ ಗುರುತು ಸಿಕ್ಕಿತು. ಪಾವಗಡದಲ್ಲೇ ಒಂದು ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಳಂತೆ. ನನಗೆ ಖುಷಿಯೋ ಗಾಬರಿಯೋ ತಿಳಿಯದೆ ಏನೇನೋ ಕೇಳಿದೆ. ಮಕ್ಕಳ ಕೈಯಲ್ಲಿ ಬರೆಸುತ್ತೀಯಾ, ಗೋಡೆಗೆ ಹಾಕುತ್ತೀಯಾ ಎಂದೂ ಕೇಳಿಬಿಟ್ಟೆ.

'ಹಾಕ್ತೀನಿ ಮೇಡಂ. ಹಾಕೋ ಮುಂಚೆ ಮಗೂನ ಒಂದ್ ಮಾತು ಕೇಳ್ತೀನಿ, ಇದನ್ನ ಯಾರ್ ಯಾರು ಓದಬಹುದು ನೀನೇ ಹೇಳು ಅಂತ.'

ಚುಚ್ಚಬೇಕೆಂದು ಹೇಳಿದ್ದಲ್ಲ ಅದು. ಆದರೂ ಚುಚ್ಚಿತು. ಕೈಚೀಲ ತೆಗೆದು ಹಾಳೆಯನ್ನು ಅವಳ ಕೈಗಿಟ್ಟೆ. 'ಇದು ನಿನ್ನದು. ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದೇನೆ. ನನ್ನ ಹೆಸರು ಹೊಡೆದುಹಾಕು, ನಿನ್ನದು ಬರಿ. ಪೆನ್ನು ಇದೆ' ಎಂದೆ. ಬಸ್ ನಿಲ್ದಾಣದಲ್ಲಿ ಅಳುವ ವಯಸ್ಸಲ್ಲ ನನ್ನದು, ಆದರೂ ಕಣ್ಣು ತುಂಬಿತು.

ಅವಳು ಮಡಿಕೆ ಬಿಡಿಸಿ ನಿಂತಲ್ಲೇ ಓದಿದಳು. ತುಟಿ ಅಲ್ಲಾಡುತ್ತಿತ್ತು. ಕುರಿಗಳಿಗೆ ನಿದ್ದೆ ಬಂದಿತ್ತು ಅನ್ನುವ ಸಾಲಿಗೆ ಬಂದಾಗ ಫಕ್ಕನೆ ನಕ್ಕಳು. 'ಚೆನ್ನಾಗೇ ಬರ್ದಿದ್ದೆ ಅಲ್ವಾ ಮೇಡಂ' ಎಂದಳು.

'ನನಗಿಂತ ಚೆನ್ನಾಗಿ ಬರೆದಿದ್ದೆ.'

ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಕೆಳಗೆ ನನ್ನ ಸಹಿಯ ಹತ್ತಿರ ಬೆರಳಿಟ್ಟು ನೋಡಿದಳು, ಸ್ವಲ್ಪ ಹೊತ್ತು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಅದೇ ಮಡಿಕೆಗಳ ಮೇಲೆ ಮಡಚಿ, ಎರಡನ್ನೂ ನನಗೇ ಕೊಟ್ಟಳು.

'ಆ ಪಟ್ಟಿ ಇನ್ನೂ ಹಂಗೇ ಐತೆ ಮೇಡಂ. ಇಬ್ರೂ ಉತ್ತಿಲ್ಲ' ಎಂದಳು. 'ನಮ್ಮಪ್ಪ ಇನ್ನೂ ಆ ಎರಡು ಹೊಲಕ್ಕೂ ಮಂದೆ ಹಾಕ್ತೈತೆ. ನಿಮ್ ಹೆಸರೇ ಇರ್ಲಿ.'

'ಹಾಗಾದರೆ ಇದನ್ನೆಲ್ಲ ಎಲ್ಲಾದರೂ ಬರೆಯಲಾ?' ಎಂದು ಕೇಳಿದೆ. ಈ ಸಲ ಕೇಳಿದೆ.

'ಬರೀರಿ. ಹೆಸ್ರು ಬ್ಯಾಡ, ಊರೂ ಬ್ಯಾಡ' ಎಂದಳು. 'ಯಾರ್ದೋ ಕತೆ ಅಂತ ಓದ್ಕೊಳ್ಳಿ ಜನ.'

ಮಧುಗಿರಿಯ ಬಸ್ಸಿಗೆ ಹೊತ್ತಾಗಿತ್ತು. ಅವಳೇ ಮುಂದೆ ಹೋಗಿ ಕಿಟಕಿ ಪಕ್ಕದ ಸೀಟಿಗೆ ನನ್ನ ಚೀಲ ಇಟ್ಟು, ಇಳಿದು ಹೋದಳು. ಹಾಳೆಯನ್ನು ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಮಧುಗಿರಿಯಲ್ಲಿ ಬಸ್ಸು ನಿಂತು, ಎಲ್ಲರೂ ಇಳಿದು, ಕಂಡಕ್ಟರು ಬಂದು 'ಮೇಡಂ, ಲಾಸ್ಟ್ ಸ್ಟಾಪು' ಅನ್ನುವವರೆಗೂ ನಾನು ಎದ್ದಿರಲಿಲ್ಲ.